ಓದಿದ್ದು ತಲೆಗೇರಿತು

ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮಕ್ಕಳು ಪುಸ್ತಕ ಹಿಡಿಯುವಂತಿರಲಿಲ್ಲ. ಓಣಿಯ ಉಳಿದ ಮನೆಗಳಲ್ಲಿ ಓದಿಕೊಳ್ಳಿರೆಂದು ಗದರುವ ಹೊತ್ತಿಗೆ ನಮ್ಮಲ್ಲಿ ದೀಪ ಆರಿಸಿರೆಂದು ಗದರುತ್ತಿದ್ದರು. ಮರುದಿನ ಪರೀಕ್ಷೆಯಿದ್ದರೂ ಈ ಕಟ್ಟಳೆಗೆ ವಿನಾಯಿತಿ ಇರಲಿಲ್ಲ. ಕಾರಣ ಕೇಳಿದರೆ ಹಿರಿಯರಿಂದ ಬರುತ್ತಿದ್ದ ಉತ್ತರ ಒಂದೇ: “ನಿಮ್ಮ ದೊಡ್ಡಜ್ಜಗೆ ಏನಾಯ್ತು ಗೊತ್ತಿಲ್ಲೇನು? ಓದಿದ್ದು ತಲಿಗೇರ್ತು.”

ದೊಡ್ಡಜ್ಜ ಎಂದರೆ ನನ್ನ ಅಜ್ಜನ ಅಣ್ಣ. ಮೊಮ್ಮಕ್ಕಳ ಬಾಯಲ್ಲಿ ಅಜ್ಜನಾದರೂ ಅವನು ಬದುಕಿದ್ದು 17 ವರ್ಷ ಮಾತ್ರ. 1945ರಲ್ಲಿ, ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ ತೀರಿಕೊಂಡ. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವನ ನೆನಪಿಗೆಂದು ಅದೇ ಹೆಸರು ಇಟ್ಟ ಇಬ್ಬರು ಈಗಲೂ ನಮ್ಮ ಬಳಗದಲ್ಲಿದ್ದಾರೆ, ಅವರಿಬ್ಬರನ್ನೂ ಮನೆಯವರು ಆ ಹೆಸರಿನಿಂದ ಮಾತ್ರ ಕರೆಯುವುದಿಲ್ಲ. ಅವನ ಒಂದು ಫೋಟೋ ಕೂಡ ಇಲ್ಲ. ಉಳಿದಿರುವುದು ಮುತ್ತಜ್ಜನ ಕಿರ್ದಿ ಪುಸ್ತಕದ ಕೆಲವು ಹಾಳೆಗಳು, ಅಜ್ಜನ ತಂಗಿಯ ನೆನಪು, ಮತ್ತು ಮೂರು ತಲೆಮಾರು ಪ್ರಶ್ನಿಸದೆ ಪಾಲಿಸಿಕೊಂಡು ಬಂದ ಆ ದೀಪದ ಕಟ್ಟಳೆ.

ನಮ್ಮದು ಆನಗೋಡು ಕಡೆಯ ಒಂದು ಸಣ್ಣ ಹಳ್ಳಿ. ಆಗ ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ ಒಂದು ತಾಲ್ಲೂಕು. ಅದು ಜಿಲ್ಲೆಯಾದದ್ದು 1997ರಲ್ಲಿ. ಭದ್ರಾ ಕಾಲುವೆ ಬಂದು ಈ ಸೀಮೆಯ ಹೊಲಗಳು ಭತ್ತದ ಗದ್ದೆಗಳಾಗುವುದಕ್ಕೆ ಇನ್ನೂ ಎಷ್ಟೋ ವರ್ಷಗಳಿದ್ದವು. ಎರೆ ಹೊಲದಲ್ಲಿ ಹತ್ತಿ, ಜೋಳ ಬೆಳೆದು, ಮಳೆಯಾದ ವರ್ಷ ಉಂಡು, ಆಗದ ವರ್ಷ ಸಾಲ ಮಾಡುವ ಒಕ್ಕಲುತನ ನಮ್ಮದಾಗಿತ್ತು. ಬೆಳೆದ ಹತ್ತಿಯೆಲ್ಲ ಬಂಡಿಯೇರಿ ದಾವಣಗೆರೆಗೆ ಹೋಗುತ್ತಿತ್ತು. ಹತ್ತಿಯ ಮಂಡಿಗಳೂ ಬಟ್ಟೆಯ ಗಿರಣಿಯೂ ಇದ್ದ ಆ ಊರಿನಲ್ಲಿ ದಲಾಲರು, ಗುಮಾಸ್ತರು, ರೈಲ್ವೆಯವರು ಕಾಗದ ಓದಿ ಬರೆದು ಬದುಕುವುದನ್ನು ಮುತ್ತಜ್ಜ ಪ್ರತಿ ಸುಗ್ಗಿಯಲ್ಲೂ ನೋಡಿಕೊಂಡು ಬರುತ್ತಿದ್ದರು. ತೂಕದ ಚೀಟಿಯಲ್ಲಿ ಏನು ಬರೆದಿದ್ದಾರೆಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲದ ಮಗನೊಬ್ಬ ಮನೆಗೆ ಬೇಕೆಂದು ಅವರಿಗೆ ಅನಿಸಿದ್ದು ಅಲ್ಲಿಯೇ ಇರಬೇಕು. ಅವರಿಗೆ ಕನ್ನಡದ ಲೆಕ್ಕಪತ್ರ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ.

ಮಠಗಳೂ ದಾನಿಗಳೂ ಹಳ್ಳಿಯ ಹುಡುಗರಿಗೆ ಊಟ ವಸತಿ ಕೊಟ್ಟು ಓದಿಸುವ ಪದ್ಧತಿ ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಚೆನ್ನಾಗಿ ಬೇರೂರಿತ್ತು. ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳು ಊರೂರಿನ ವಿದ್ಯಾರ್ಥಿನಿಲಯಗಳಿಗೆ ಬೆನ್ನಾಗಿ ನಿಂತಿದ್ದ ಕಾಲವದು. ದಾವಣಗೆರೆಯ ಅಂಥದೊಂದು ಉಚಿತ ಹಾಸ್ಟೆಲಿನಲ್ಲಿ ಇವನಿಗೂ ಜಾಗ ಸಿಕ್ಕಿತು. ಊರಿನಿಂದ ಹೈಸ್ಕೂಲಿಗೆ ಹೋದವರಲ್ಲಿ ಇವನೇ ಮೊದಲಿಗನೆಂದು ನಮ್ಮ ಮನೆಯವರು ಹೇಳುತ್ತಾರೆ. ಊರಿನ ಇನ್ನೊಂದು ಮನೆಯವರು ಅವರ ಮನೆಯ ಹುಡುಗನ ಹೆಸರು ಹೇಳುತ್ತಾರೆ, ಆ ವ್ಯಾಜ್ಯ ಇನ್ನೂ ತೀರಿಲ್ಲ.

ಕಿರ್ದಿ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಅದು ಉದ್ದನೆಯ, ಅಗಲ ಕಡಿಮೆಯ ಪುಸ್ತಕ. ಕೆಂಪು ಬಟ್ಟೆಯ ರಟ್ಟಿನ ಅಂಚುಗಳನ್ನು ಜಿರಲೆ ತಿಂದಿವೆ. ತಾರೀಖುಗಳಿಲ್ಲ, ಸಂವತ್ಸರ, ಮಾಸ, ತಿಥಿಗಳಿವೆ. ಪಾರ್ಥಿವ ಸಂವತ್ಸರದ ಶ್ರಾವಣ, ಅಂದರೆ 1945ರ ಆಗಸ್ಟ್. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ ತಿಂಗಳಾದರೂ ಕಿರ್ದಿಯಲ್ಲಿ ಯುದ್ಧ ಕಾಣುವುದು ಸೀಮೆಎಣ್ಣೆಯ ಬೆಲೆಯಲ್ಲಿ ಮಾತ್ರ. ಶುದ್ಧ ಚೌತಿಯ ಸಾಲಿನಲ್ಲಿ, ಹುಡುಗನನ್ನು ದಾವಣಗೆರೆಯಿಂದ ಕರೆತಂದ ಬಂಡಿಗೆ ಎಂಟಾಣೆ. ಅದರ ಕೆಳಗೆ ನಾಗರ ಪಂಚಮಿಯ ಸಂತೆ: ಬೆಲ್ಲ, ಎಳ್ಳು, ಕೊಬ್ಬರಿ, ಜೋಕಾಲಿಗೆ ಹಗ್ಗ. ಸಪ್ತಮಿಯಂದು ಅವನನ್ನು ತಿರುಗಿ ಬಿಟ್ಟುಬಂದದ್ದಕ್ಕೆ ಮತ್ತೆ ಎಂಟಾಣೆ. ಆಮೇಲೆ ಕೆಲವು ದಿನ ಎಡೆಕುಂಟೆ ಹೊಡೆದವರ ಕೂಲಿ, ಉಪ್ಪು, ಹೊಗೆಸೊಪ್ಪು. ಬಹುಳ ಷಷ್ಠಿಗೆ ಇದ್ದಕ್ಕಿದ್ದಂತೆ ಇನ್ನೊಂದು ಬಂಡಿ, ಈ ಸಲ ಒಂದು ರೂಪಾಯಿ, ಪಕ್ಕದಲ್ಲಿ “ಜ್ವರ” ಎಂಬ ಒಂದೇ ಪದ. ಮಳೆಗಾಲದ ಎರೆ ಕೆಸರಿನಲ್ಲಿ ಗಾಲಿ ಹೂತುಹೋಗುವುದರಿಂದ ಬಂಡಿಯವನು ಹೆಚ್ಚು ಕೇಳಿರಬಹುದು. ಮಲಗಿಸಿಕೊಂಡು ನಿಧಾನವಾಗಿ ಬರಬೇಕಾದ್ದರಿಂದಲೂ ಇರಬಹುದು. ಹಾಸ್ಟೆಲಿನಲ್ಲಿ ಬಿದಿಗೆಯಿಂದಲೇ ಮೈ ಬಿಸಿಯಿತ್ತೆಂದು ಅವನನ್ನು ಕರೆತಂದವರು ಹೇಳಿದ್ದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ.

ಅಲ್ಲಿಂದ ಮುಂದಿನ ಹಾಳೆಗಳಲ್ಲಿ ಒಕ್ಕಲುತನದ ಲೆಕ್ಕ ನಿಂತೇಹೋಗುತ್ತದೆ. ಸಾಬೂದಾನಿ, ಬಾರ್ಲಿ, ಗ್ಲೂಕೋಸ್, ಮೋಸಂಬಿ. ಡಾಕ್ಟರಿಗೆ ಎರಡು ರೂಪಾಯಿ, ಮತ್ತೆ ಎರಡು ರೂಪಾಯಿ. ಡಾಕ್ಟರು ಬಂದ ಟಾಂಗಾಕ್ಕೆ ಬೇರೆ. ಮೊದಲ ವಾರ ಮೋಸಂಬಿ ದಿನ ಬಿಟ್ಟು ದಿನ ಬಂದಿದೆ, ಎರಡನೆಯ ವಾರ ದಿನವೂ ಬಂದಿದೆ, ಮೂರನೆಯ ವಾರದ ನಡುವೆ ನಿಂತಿದೆ. ಆ ವರ್ಷ ಗಣೇಶನ ಚೌತಿಗೆ ಒಂದು ಕಾಸೂ ಖರ್ಚಾಗಿಲ್ಲ. ಭಾದ್ರಪದ ಶುದ್ಧ ನವಮಿಯ ಸಾಲಿನಲ್ಲಿ ಬಿಳಿ ಬಟ್ಟೆ, ವಿಭೂತಿ, ಹೂವು. ಅದಾದ ಮೇಲೆ ಶಿವಗಣಾರಾಧನೆಗೆ ಅಕ್ಕಿ, ಬೆಲ್ಲ, ತುಪ್ಪ. ಮಗ ಸತ್ತನೆಂದು ಮುತ್ತಜ್ಜ ಎಲ್ಲಿಯೂ ಬರೆದಿಲ್ಲ. ಆದರೆ ಅಲ್ಲಿಯವರೆಗೆ ಒತ್ತಾಗಿ, ನೆಟ್ಟಗೆ ಬರುತ್ತಿದ್ದ ಅಕ್ಷರಗಳು ಆರಾಧನೆಯ ಸಾಲುಗಳಲ್ಲಿ ಬೇರೆಯಾಗಿವೆ. ಯಾರೋ ಬಂಧುಗಳು ಬರೆದಿರಬೇಕು. ಹೊಲದ ಬದುವಿನಲ್ಲಿ, ನಮ್ಮ ಪದ್ಧತಿಯಂತೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡಿದರು.

ಈ ಹಾಳೆಗಳನ್ನು ದಾವಣಗೆರೆಯಲ್ಲಿ ವೈದ್ಯನಾಗಿರುವ ಸ್ನೇಹಿತನಿಗೆ ತೋರಿಸಿದೆ. ಅವನು ರೋಗಿಯ ಚಾರ್ಟು ಓದುವವನಂತೆ ಮೋಸಂಬಿಯ ಸಾಲುಗಳನ್ನು ಬೆರಳಿಟ್ಟು ಓದಿ, ಇದು ವಿಷಮಶೀತ ಜ್ವರ, ಟೈಫಾಯ್ಡ್, ಇದರಲ್ಲಿ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ ಎಂದ. ಮೊದಲ ವಾರ ಜ್ವರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡನೆಯ ವಾರ ಏರಿದಲ್ಲೇ ನಿಂತು ರೋಗಿ ಸೊರಗಿ, ಕಣ್ಣು ಅರೆಮುಚ್ಚಿ, ಕನವರಿಸತೊಡಗುತ್ತಾನೆ. ಮೂರನೆಯ ವಾರ ಸಣ್ಣಕರುಳಿನ ಹುಣ್ಣುಗಳಿಂದ ರಕ್ತ ಹೋಗಬಹುದು, ಕರುಳೇ ತೂತಾಗಬಹುದು. ಆ ವಾರ ದಾಟಿದವನು ಬಹುಮಟ್ಟಿಗೆ ಬದುಕುತ್ತಾನೆ. ಆ ಕಾಲದ ವೈದ್ಯರ ಕೈಯಲ್ಲಿದ್ದದ್ದು ಗಂಜಿ, ಹಣ್ಣಿನ ರಸ, ತಣ್ಣೀರು ಬಟ್ಟೆ, ಹೊಟ್ಟೆಗೆ ಗಟ್ಟಿ ಪದಾರ್ಥ ಹೋಗದಂತೆ ಕಾವಲು. ಪೆನ್ಸಿಲಿನ್ ಬಂದಿತ್ತಾದರೂ ಅದು ಈ ರೋಗಾಣುವಿನ ಮೇಲೆ ನಡೆಯುತ್ತಿರಲಿಲ್ಲ. ನಡೆಯುವ ಔಷಧಿ, ಕ್ಲೋರಾಂಫೆನಿಕಾಲ್, ಮಣ್ಣಿನ ಸೂಕ್ಷ್ಮಜೀವಿಯಿಂದ ಬೇರ್ಪಟ್ಟದ್ದು 1947ರಲ್ಲಿ. ಟೈಫಾಯ್ಡ್ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದ್ದು 1948ರಲ್ಲಿ, ಮಲಯದಲ್ಲಿ. ಅದಕ್ಕೆ ಮೊದಲು ಈ ಜ್ವರ ಬಂದ ನೂರು ಜನರಲ್ಲಿ ಹತ್ತರಿಂದ ಇಪ್ಪತ್ತು ಮಂದಿ ಸಾಯುತ್ತಿದ್ದರು. ತಡೆಗಟ್ಟುವ ಚುಚ್ಚುಮದ್ದು ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಇತ್ತು, ಸೈನಿಕರಿಗೆ ಹಾಕುತ್ತಿದ್ದರು. ನಮ್ಮ ಊರಿನ ಹುಡುಗ ಎಸ್ಸೆಸ್ಸೆಲ್ಸಿಗೆ ಕಟ್ಟುವ ಬದಲು ಯುದ್ಧಕ್ಕೆ ಹೋಗಿದ್ದರೆ ಈ ಜ್ವರದಿಂದಲಾದರೂ ಉಳಿಯುತ್ತಿದ್ದನೇನೋ.

ಹಾಗಾದರೆ ಓದು ತಲೆಗೇರಿತೆಂಬ ಮಾತು ಎಲ್ಲಿಂದ ಬಂತು? ಅದು ಕೇವಲ ಅಜ್ಞಾನದ ಮಾತೆಂದು ನಾನು ಬಹಳ ಕಾಲ ತಿಳಿದಿದ್ದೆ. ಅಜ್ಜನ ತಂಗಿ ಹೇಳಿದ್ದನ್ನು ಕೇಳಿದ ಮೇಲೆ ಆ ಮಾತಿನ ಹಿಂದೆ ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಸಂಗತಿಯೊಂದಿದೆ ಎಂದು ಗೊತ್ತಾಯಿತು. ಎರಡನೆಯ ವಾರ ಸನ್ನಿ ಹಿಡಿದಾಗ ಅವನು ಪಾಠ ಒಪ್ಪಿಸುತ್ತಿದ್ದನಂತೆ. ಪಡಸಾಲೆಯ ಕಂಬದ ಪಕ್ಕ ಮಲಗಿ, ಬೆರಳಿನಿಂದ ಕಂಬಳಿಯ ಮೇಲೆ ಗೆರೆ ಎಳೆಯುತ್ತ, ಯಾರಿಗೂ ಅರ್ಥವಾಗದ ಇಂಗ್ಲಿಷಿನಲ್ಲಿ ರೇಖಾಗಣಿತದ ಪ್ರಮೇಯಗಳನ್ನು ಹೇಳುತ್ತ, ನಡುವೆ ಎಲ್ಲೋ ತಪ್ಪಿದಂತಾಗಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತ ರಾತ್ರಿಯಿಡೀ ಕಳೆಯುತ್ತಿದ್ದನಂತೆ. ಮುತ್ತಜ್ಜಿ “ಸಾಕು ಮಲಕ್ಕೋ ಮಗನೆ, ಪುಸ್ತಕ ಮುಚ್ಚು” ಎಂದು ಅವನ ಕೈಯಲ್ಲಿಲ್ಲದ ಪುಸ್ತಕವನ್ನು ಮುಚ್ಚಿಸಲು ನೋಡುತ್ತಿದ್ದಳಂತೆ. ಜ್ವರದ ತಾಪ ಮಿದುಳನ್ನು ಕಲಕಿದಾಗ ಒಳಗೆ ತೀರ ಹೊಸದಾಗಿ, ಗಟ್ಟಿಯಾಗಿ ಕೂತದ್ದೇ ಬಾಯಿಗೆ ಬರುತ್ತದೆ. ಒಕ್ಕಲಿಗನಾಗಿದ್ದರೆ ಎತ್ತುಗಳನ್ನು ಕೂಗುತ್ತಿದ್ದ, ವಿದ್ಯಾರ್ಥಿಯಾಗಿದ್ದರಿಂದ ಪ್ರಮೇಯ ಹೇಳಿದ. ಆದರೆ ಆ ಪಡಸಾಲೆಯಲ್ಲಿ ಕೂತು ಅದನ್ನು ಕೇಳಿದ ತಾಯಿಗೆ ಬೇರೆ ಯಾವ ಸಾಕ್ಷಿ ಬೇಕಿತ್ತು? ಮಗನ ತಲೆಯೊಳಗೆ ಪಾಠ ತುಂಬಿ ಉಕ್ಕಿ ಹರಿಯುತ್ತಿರುವುದನ್ನು ಅವಳು ಕಂಡಳು. ಶಾನುಭೋಗರ ಮರಣದ ಲೆಕ್ಕದಲ್ಲಿಯೂ ಅವಳ ಮಾತನ್ನು ಅಲ್ಲಗಳೆಯುವಂಥದ್ದೇನೂ ಇರಲಿಲ್ಲ. ಕಾಲರಾ, ಸಿಡುಬು, ಪ್ಲೇಗುಗಳಿಗೆ ಬೇರೆ ಬೇರೆ ಅಂಕಣವಿದ್ದ ಆ ಲೆಕ್ಕದಲ್ಲಿ ಉಳಿದ ಎಷ್ಟೋ ಸಾವುಗಳು “ಜ್ವರ” ಎಂಬ ಒಂದೇ ತಲೆಬರಹದ ಕೆಳಗೆ ಬೀಳುತ್ತಿದ್ದವು. ಯಾವ ಜ್ವರ, ಎಲ್ಲಿಂದ ಬಂತು ಎಂದು ಸರ್ಕಾರವೂ ಕೇಳಲಿಲ್ಲ.

ಒಂದು ಮಾತನ್ನು ಮಾತ್ರ ಹೇಳದಿರಲಾರೆ. ಯುದ್ಧದಲ್ಲಿ ಬರ್ಮಾ ಕೈಬಿಟ್ಟ ಮೇಲೆ, ಅಲ್ಲಿಂದ ಬರುತ್ತಿದ್ದ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ವರ್ಷಗಳವು. ಉಚಿತ ಹಾಸ್ಟೆಲಿನ ಹುಡುಗನೊಬ್ಬ ತಲೆಗೇರುವಷ್ಟು ಹೊತ್ತು ರಾತ್ರಿ ಓದಬೇಕಾದರೆ ಎಣ್ಣೆಯನ್ನು ಯಾರು ಕೊಟ್ಟರೆಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಿದಂತಿಲ್ಲ.

ಕಾರಣ ಗೊತ್ತಾದ ಮೇಲೆ ಮನೆ ಅದಕ್ಕೆ ತಕ್ಕಂತೆ ನಡೆಯಿತು. ಆಗ 12 ವರ್ಷದವರಾಗಿದ್ದ ನನ್ನ ಅಜ್ಜನನ್ನು ಆ ದಸರೆಯ ನಂತರ ಶಾಲೆ ಬಿಡಿಸಿದರು. ಅಜ್ಜ ಅಣ್ಣನಿಗಿಂತ ಜಾಣರಾಗಿದ್ದರೆಂದು ಅವರ ತಂಗಿ ಹೇಳುತ್ತಾರೆ. ಲೆಕ್ಕ ಕೇಳುವುದರೊಳಗೆ ಉತ್ತರ ಹೇಳಿಬಿಡುತ್ತಿದ್ದರಂತೆ. ಎರಡು ವರ್ಷ ಹೊಲದಲ್ಲಿ ದುಡಿಸಿಕೊಂಡು, ಆಮೇಲೆ ದಾವಣಗೆರೆಯ ಹತ್ತಿ ಮಂಡಿಯೊಂದರಲ್ಲಿ ತೂಕ ಬರೆಯಲು ಬಿಟ್ಟರು. ಇದನ್ನು ನಾನು ಎಷ್ಟು ಯೋಚಿಸಿದರೂ ವಿಚಿತ್ರವೆನಿಸುತ್ತದೆ. ಹಿರಿಯ ಮಗ ಯಾವ ಊರಿನಲ್ಲಿ ಜ್ವರ ಹಿಡಿದು ಮಲಗಿದನೋ ಅದೇ ಊರಿಗೆ ಕಿರಿಯ ಮಗನನ್ನು ಕಳಿಸಲು ಅವರಿಗೆ ಭಯವಾಗಲಿಲ್ಲ. ಅವನು ಮಂಡಿಯ ಅಟ್ಟದ ಮೇಲೆ ಮಲಗಿ, ಅದೇ ಊರಿನ ನೀರು ಕುಡಿದು, ಬೀದಿಯ ಮಂಡಕ್ಕಿ ತಿಂದು ಬೆಳೆದ. ಊರಿನ ಮೇಲೆ ಅವರಿಗೆ ಅನುಮಾನವಿರಲಿಲ್ಲ, ಪುಸ್ತಕದ ಮೇಲಿತ್ತು. ದೊಡ್ಡಜ್ಜನ ತಗಡಿನ ಪೆಟ್ಟಿಗೆಯನ್ನು ಅಟ್ಟದ ಮೇಲೆ ಎತ್ತಿಟ್ಟರು. ಅದನ್ನು ತೆರೆಯುವ ಧೈರ್ಯ ಮಾಡುವ ಹೊತ್ತಿಗೆ ಒಳಗೆ ಗೆದ್ದಲು ಹುತ್ತ ಕಟ್ಟಿತ್ತಂತೆ.

ಅಜ್ಜ ಮಂಡಿಯಲ್ಲಿ ತೂಕ ಬರೆಯುತ್ತಿದ್ದ ವರ್ಷಗಳಲ್ಲಿಯೇ ದಾವಣಗೆರೆ ವಿದ್ಯೆಯ ಊರಾಗತೊಡಗಿತ್ತು. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಬಂತು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು. ಬೇರೆ ಬೇರೆ ರಾಜ್ಯಗಳ ಹುಡುಗರು ರೈಲು ಹತ್ತಿ ಇಲ್ಲಿಗೆ ಓದಲು ಬಂದರು. ಹತ್ತು ಮೈಲಿ ಆಚೆಯ ನಮ್ಮ ಮನೆಯಿಂದ ಯಾರೂ ಬರಲಿಲ್ಲ. ನನ್ನ ಇಬ್ಬರು ಸೋದರತ್ತೆಯರನ್ನು ಏಳನೆಯ ತರಗತಿಗೆ ನಿಲ್ಲಿಸಿದರು. ಹೆಣ್ಣುಮಕ್ಕಳನ್ನು ಆ ಕಾಲದಲ್ಲಿ ಎಲ್ಲ ಮನೆಗಳಲ್ಲೂ ಹಾಗೆಯೇ ನಿಲ್ಲಿಸುತ್ತಿದ್ದರೆಂದು ವಾದಿಸಬಹುದು, ನಿಜವೂ ಹೌದು. ಆದರೆ ಬೇರೆ ಮನೆಗಳಲ್ಲಿ ಅದಕ್ಕೆ ಮದುವೆಯ ನೆಪ ಹೇಳಿದರೆ ನಮ್ಮಲ್ಲಿ ಸತ್ತ ಹುಡುಗನ ನೆಪ ಹೇಳಿದರು, ಅದಕ್ಕೆ ಎದುರಾಡುವುದು ಇನ್ನೂ ಕಷ್ಟವಾಗಿತ್ತು. ನನ್ನ ತಂದೆ ಡಿಗ್ರಿ ಮುಗಿಸಿದ್ದು ಗೆಳೆಯನ ಕೋಣೆಯಲ್ಲಿ ಕದ್ದು ಓದಿ. ಪಾಸಾದ ಸುದ್ದಿ ತಂದ ದಿನ ಅಜ್ಜ ಸಂತೋಷಪಟ್ಟರಂತೆ, ಆದರೆ ಮೊದಲು ಕೇಳಿದ ಮಾತು “ತಲಿಗಿಲಿ ನೋಯ್ತದೇನು?” ಎಂಬುದು. ಇದನ್ನು ಹೇಳುವಾಗ ಅಪ್ಪ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಶಾಲೆ ಬಿಡಿಸಿಕೊಂಡ ಜಾಣ ಹುಡುಗನೊಬ್ಬ ತನ್ನನ್ನು ಬಿಡಿಸಿದ ಕಾರಣವನ್ನು ನಂಬದೆ ಹೋದರೆ ಮುಂದಿನ ಐವತ್ತು ವರ್ಷ ಮಂಡಿಯಲ್ಲಿ ಕೂರುವುದು ಹೇಗೆ?

ಸಾವಿಗೆ ಬೇರೆ ಕಾರಣಗಳೂ ಬಳಗದಲ್ಲಿ ಹುಟ್ಟಿಕೊಂಡಿವೆ. ಪಂಚಮಿಗೆ ಬಂದಾಗ ಪ್ಯಾಂಟು ತೊಟ್ಟು ಊರೊಳಗೆ ಓಡಾಡಿದ್ದಕ್ಕೆ ದೃಷ್ಟಿ ತಾಗಿತೆಂಬುದು ಒಂದು. ಇನ್ನೊಂದು ಈಚಿನದು: 1942ರ ಚಳವಳಿಯಲ್ಲಿ ದಾವಣಗೆರೆಯಲ್ಲಿ ಗುಂಡು ಹಾರಿ ಜನ ಸತ್ತದ್ದು ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ, ಇವನೂ ಆಗ ಲಾಠಿ ಏಟು ತಿಂದು ಅದರಿಂದಲೇ ಕೊರಗಿ ಸತ್ತನೆಂದು ದೂರದ ಚಿಕ್ಕಪ್ಪನೊಬ್ಬರು ಮದುವೆಮನೆಗಳಲ್ಲಿ ಹೇಳತೊಡಗಿದ್ದಾರೆ. 14 ವರ್ಷದ ಹುಡುಗ ಮೆರವಣಿಗೆಯ ಹಿಂದೆ ಓಡಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮೂರು ವರ್ಷ ಚೆನ್ನಾಗಿದ್ದು ಮೂರು ವಾರದಲ್ಲಿ ಸತ್ತವನನ್ನು ಹುತಾತ್ಮನ ಸಾಲಿಗೆ ಸೇರಿಸುವುದು ನಿಜವಾಗಿ ಗುಂಡಿಗೆ ಎದೆಯೊಡ್ಡಿದವರಿಗೆ ಮಾಡುವ ಅಪಚಾರ. ಸುಮ್ಮನೆ ಜ್ವರ ಬಂದು ಸತ್ತ ಹುಡುಗನಾಗಿ ಅವನನ್ನು ಇರಗೊಡಲು ನಮ್ಮವರಿಗೆ ಆಗುತ್ತಿಲ್ಲ, ಅಷ್ಟೆ.

ಕಿರ್ದಿಯನ್ನು ಮತ್ತೆ ಮತ್ತೆ ತಿರುವುತ್ತಿದ್ದಾಗ ಪಂಚಮಿಯ ಆ ಎರಡು ಬಂಡಿಗಳ ಮೇಲೆ ಕಣ್ಣು ನಿಂತಿತು. ಟೈಫಾಯ್ಡಿನ ರೋಗಾಣು ಹೊಟ್ಟೆ ಸೇರಿದ ದಿನವೇ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ ಎಂಟರಿಂದ ಹದಿನಾಲ್ಕು ದಿನ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಜ್ವರ ಕಾಣಿಸಿದ್ದು ಬಹುಳ ಬಿದಿಗೆಗೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಹನ್ನೆರಡು ದಿನಕ್ಕೆ ಪಂಚಮಿ. ಅಂದರೆ ಹಾಸ್ಟೆಲಿನ ಊಟವನ್ನೋ ಪೇಟೆಯ ನೀರನ್ನೋ ದೂರುವುದಕ್ಕೆ ಮೊದಲು, ಅವನು ಮನೆಯಲ್ಲಿದ್ದ ಮೂರು ದಿನಗಳನ್ನು ನೋಡಬೇಕಾಗುತ್ತದೆ. ಊರಿನ ಸಿಹಿನೀರಿನ ಬಾವಿಗೆ ಆಗ ಕಟ್ಟೆಯಿರಲಿಲ್ಲ, ಮಳೆ ಹೊಯ್ದರೆ ಹಿತ್ತಿಲ ಕಡೆಯ ನೀರೆಲ್ಲ ಅದಕ್ಕೇ ಇಳಿಯುತ್ತಿತ್ತು. ರೋಗ ವಾಸಿಯಾದವರ ಪಿತ್ತಕೋಶದಲ್ಲಿ ಈ ರೋಗಾಣು ವರ್ಷಗಟ್ಟಲೆ ಉಳಿದು, ಅವರ ಕೈಯಡುಗೆಯಿಂದ ಬೇರೆಯವರಿಗೆ ಹರಡುವುದೂ ಉಂಟು. ಪಂಚಮಿಯ ಉಂಡೆ ಕಟ್ಟಿದ ಕೈಗಳ ಬಗ್ಗೆ ಅದಕ್ಕಿಂತ ಮುಂದಕ್ಕೆ ಯೋಚಿಸಲು ನನಗೆ ಮನಸ್ಸಿಲ್ಲ. ಮುತ್ತಜ್ಜಿ ಇದನ್ನು ತಿಳಿಯದೆ ಹೋದದ್ದೇ ಒಳ್ಳೆಯದಾಯಿತು. ತಪ್ಪನ್ನು ಪುಸ್ತಕದ ಮೇಲೆ ಹೊರಿಸಿ ಅವಳು ಇನ್ನೂ ನಾಲ್ಕು ದಶಕ ಬದುಕಿದಳು. ಹಾಗೆ ಬದುಕಿದ್ದರ ಬೆಲೆಯನ್ನು ಅಜ್ಜ ಕೊಟ್ಟರು, ಸೋದರತ್ತೆಯರು ಕೊಟ್ಟರು.

ಅಜ್ಜನ ತಂಗಿಗೆ ಈಗ ತೊಂಬತ್ತರ ಹತ್ತಿರ. ದಾವಣಗೆರೆಯಲ್ಲಿ ಮಗನ ಮನೆಯಲ್ಲಿದ್ದಾರೆ, ಕಿವಿ ಮಂದವಾಗಿದೆಯೇ ಹೊರತು ನೆನಪು ಗಟ್ಟಿಯಾಗಿದೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪಂಚಮಿಯ ಈ ಲೆಕ್ಕವನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ಹಿಂದುಮುಂದು ನೋಡಿ, ಕೊನೆಗೆ ಬಾವಿಯ ವಿಷಯವನ್ನಷ್ಟೇ ಹೇಳಿದೆ.

“ಅದರಾಗೇನೈತಿ, ನನಗೂ ಬಂದಿತ್ತಲ್ಲ ಜ್ವರ” ಎಂದರು.

ಇದನ್ನು ಮನೆಯಲ್ಲಿ ಯಾರೂ ಎಂದೂ ಹೇಳಿರಲಿಲ್ಲ. ಯಾವಾಗ ಎಂದು ಕೇಳಿದೆ. ಅಣ್ಣನನ್ನು ಬಂಡಿಯಿಂದ ಇಳಿಸಿಕೊಂಡಾಗ ತಾನು ಆಗಲೇ ಅಡುಗೆಮನೆಯ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆನೆಂದರು. ಅವನಿಗೆ ಮಾಡಿದ ಗಂಜಿಯಲ್ಲಿಯೇ ತನಗೂ ಒಂದಿಷ್ಟು ಹಾಕುತ್ತಿದ್ದರು. ಡಾಕ್ಟರು ಬಂದಾಗ ಪಡಸಾಲೆಯಿಂದ ಒಳಗೆ ಬರಲಿಲ್ಲ. ಅಣ್ಣನ ಆರಾಧನೆಯ ಹೊತ್ತಿಗೆ ತಾನು ಎದ್ದು ಕೂತಿದ್ದೆ, ದೀಪಾವಳಿಯ ಹೊತ್ತಿಗೆ ಬಾಚಿದರೆ ಹಿಡಿಹಿಡಿ ಕೂದಲು ಬರುತ್ತಿತ್ತು, ನೋಡಲಾರದೆ ಅವ್ವ ತಲೆ ಬೋಳಿಸಿಬಿಟ್ಟಳು, ಊರವರಿಗೆ ಹರಕೆಯೆಂದು ಹೇಳಿದರು ಎಂದರು. ಟೈಫಾಯ್ಡಿನಂಥ ದೊಡ್ಡ ಜ್ವರದಿಂದ ಎದ್ದವರಿಗೆ ಎರಡು ಮೂರು ತಿಂಗಳಿಗೆ ಹೀಗೆ ಕೂದಲು ಉದುರುವುದನ್ನು ವೈದ್ಯ ಸ್ನೇಹಿತ ಆಮೇಲೆ ಖಚಿತಪಡಿಸಿದ.

ಹಾಗಾದರೆ ಓದಿ ಓದಿ ಜ್ವರ ಬಂತೆಂದು ಎಲ್ಲರೂ ಹೇಳುವಾಗ ನೀವೇಕೆ ನಿಮ್ಮ ಜ್ವರದ ಮಾತೆತ್ತಲಿಲ್ಲ ಎಂದು ಕೇಳಿದೆ.

“ನನ್ನದನ್ನ ಯಾರು ಜ್ವರ ಅಂದ್ರು? ನಾನೇನು ಓದತಿದ್ದೆನಾ?” ಎಂದು ಕೇಳಿ, ಕಿರ್ದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ತಮ್ಮ ಔಷಧಿಯದೇನಾದರೂ ಅದರಲ್ಲಿ ಬರೆದಿದೆಯೇ ಎಂದು ನೋಡಲು ಹೇಳಿದರು. ಶ್ರಾವಣದಿಂದ ಕಾರ್ತಿಕದ ಕೊನೆಯವರೆಗೆ ಒಂದೊಂದೇ ಸಾಲು ಓದಿ ಹೇಳಿದೆ. ಒಂದು ಕಾಸಿನದೂ ಇರಲಿಲ್ಲ. ತಲೆ ಬೋಳಿಸಿದವನಿಗೆ ಕೊಟ್ಟದ್ದಾದರೂ ಇರಬೇಕಿತ್ತಲ್ಲ ಎಂದು ನಾನು ಹಾಳೆ ತಿರುವುತ್ತಿರುವಾಗ ಅವರು ಕೈಯಾಡಿಸಿ ತಡೆದರು. “ಅವರಿಗೆ ಸುಗ್ಯಾಗೆ ಜೋಳ ಅಳೆದು ಕೊಡತಿದ್ವಿ, ವರ್ಷಕ್ಕೊಂದು ಸಲ. ಅದನ್ನೆಲ್ಲ ಕಿರ್ದ್ಯಾಗೆ ಯಾಕೆ ಬರೀತಾರೋ ತಮ್ಮಾ?”